ಯಾವ ಪ್ರಾಚೀನ ಮನೆಯ ಹೊಸ್ತಿಲು ದಾಟಬೇಕು: ಓಲಿಂಥಸ್‌ನಿಂದ ಓಸ್ಟಿಯಾವರೆಗೆ

ಇಟಲಿಗೋ ಗ್ರೀಸಿಗೋ ಹೊರಟವರು ನನ್ನನ್ನು ಕೇಳುವುದು ಬಹುತೇಕ ಒಂದೇ ಮಾತು: "ಹಳೇ ಕಾಲದ ಮನೆ ನೋಡಬೇಕು, ಒಂದೇ ದಿನ ಇದೆ, ಪಾಂಪೇ ನೋಡಿದರೆ ಆಯಿತಲ್ಲ?" ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿ ಉಳಿದ ಪಾಂಪೇ ನೋಡಲೇಬೇಕಾದ ಊರು, ಅನುಮಾನವಿಲ್ಲ. ಆದರೆ ಅಲ್ಲಿ ಸಿಗದ ಸಂಗತಿಗಳು ಬಹಳ ಇವೆ. ಮಹಡಿಯಲ್ಲಿ ಬಾಡಿಗೆಗಿದ್ದವರ ಬದುಕು ಅಲ್ಲಿ ಸರಿಯಾಗಿ ಕಾಣುವುದಿಲ್ಲ. ಗ್ರೀಕರ ಮನೆಯ ಸ್ವಭಾವವಂತೂ ಅಲ್ಲಿ ತಿಳಿಯುವುದೇ ಇಲ್ಲ. ಹಾಗಾಗಿ ಎಲ್ಲಿಗೆ ಹೋಗಬೇಕೆನ್ನುವುದಕ್ಕೆ ಮುಂಚೆ ಏನು ತಿಳಿಯಬೇಕು ಎನ್ನುವುದನ್ನು ನಿರ್ಧರಿಸಿಕೊಳ್ಳಿ.

ನಾನು ಯಾವ ಹಳೆಯ ಮನೆಗೆ ಹೋದರೂ ಕೇಳಿಕೊಳ್ಳುವ ಪ್ರಶ್ನೆ ಒಂದಿದೆ. ಹೊರಗಿನವರು ಇಲ್ಲಿ ಎಲ್ಲಿಯವರೆಗೆ ಬರಬಹುದಿತ್ತು? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮಜ್ಜಿಯದು ತೊಟ್ಟಿ ಮನೆ. ಬೀದಿಗೆ ಜಗಲಿ, ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರಾಚೆ ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಿಲು. ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಲೆಕ್ಕಪತ್ರಕ್ಕೆ ಬಂದವರು ಜಗಲಿಯಲ್ಲಿ ಕೂರುತ್ತಿದ್ದರು, ನೆಂಟರು ನೇರ ನಡುಮನೆಗೆ ಬರುತ್ತಿದ್ದರು, ತೋಟದ ಆಳುಗಳು ಹಿತ್ತಿಲ ಬಾಗಿಲಿಗೆ. ಜಗಲಿಯನ್ನೂ ಹತ್ತದೆ ಬಿಸಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವರೂ ಇದ್ದರು. ಅವರು ಯಾಕೆ ಹತ್ತುತ್ತಿರಲಿಲ್ಲ ಎನ್ನುವುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ, ತಿಳಿದಾಗ ತಲೆತಗ್ಗಿಸುವಂತಾಯಿತು. ಮನೆ ಎನ್ನುವುದು ಊರಿನ ಮೇಲುಕೀಳನ್ನೆಲ್ಲ ಗೋಡೆ, ಬಾಗಿಲುಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ಎರಡು ಸಾವಿರ ವರ್ಷ ಹಿಂದಿನ ಮೆಡಿಟರೇನಿಯನ್ ಮನೆಗಳನ್ನೂ ಹಾಗೆಯೇ ಓದಬಹುದು.

ತೆರೆದ ಮನೆಯೋ, ಮುಚ್ಚಿದ ಮನೆಯೋ

ಮೊದಲ ಆಯ್ಕೆ ಇದು: ರೋಮನ್ನರ ಮನೆ ಬೇಕೋ, ಗ್ರೀಕರದೋ. ಎರಡರಲ್ಲೂ ನಡುವೆ ತೆರೆದ ಅಂಗಳವಿದೆ, ಸುತ್ತ ಕೋಣೆಗಳಿವೆ. ನಕ್ಷೆಯಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬಾಗಿಲಲ್ಲಿ ನಿಂತಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಪಾಂಪೇಯ ದೊಡ್ಡ ಮನೆಯೊಂದರ ಬಾಗಿಲಲ್ಲಿ ನಿಂತರೆ ದೃಷ್ಟಿ ತಡೆಯಿಲ್ಲದೆ ಒಳಗೆ ಓಡುತ್ತದೆ. ಇಕ್ಕಟ್ಟಾದ ಓಣಿ, ಅದರಾಚೆ ಆಟ್ರಿಯಂ ಎಂಬ ಎತ್ತರದ ಹಜಾರ, ಅದರ ನಡುವೆ ಮಳೆನೀರಿನ ಕೊಳ, ಅದಕ್ಕೂ ಆಚೆ ಯಜಮಾನ ಕೂರುತ್ತಿದ್ದ ಟಬ್ಲಿನಂ, ಇನ್ನೂ ಆಚೆ ಕಂಬಸಾಲಿನ ತೋಟ. ಬೀದಿಯಲ್ಲಿ ಹೋಗುವವರಿಗೆ ಇಷ್ಟೂ ಕಾಣಲಿ ಎಂದೇ ಕಟ್ಟಿದ್ದು. ಬೆಳಗಾಗುತ್ತಿದ್ದಂತೆ ಯಜಮಾನನ ಆಶ್ರಯದಲ್ಲಿರುವವರು ನಮಸ್ಕಾರ ಹೇಳಲು, ಸಹಾಯ ಕೇಳಲು ಬರುತ್ತಿದ್ದರು. ಕೆಲವು ಮನೆಗಳ ಮುಂದೆ ಬೀದಿಗೆ ಹೊಂದಿಕೊಂಡ ಕಲ್ಲಿನ ಕಟ್ಟೆಗಳು ಇಂದಿಗೂ ಇವೆ. ನಮ್ಮ ಜಗಲಿಯ ನೆನಪು ಬರದೇ ಇರದು.

ಕ್ರಿ.ಪೂ. 1ನೇ ಶತಮಾನದ ವಾಸ್ತುಶಿಲ್ಪಿ ವಿಟ್ರುವಿಯಸ್ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಮನೆಯ ಮುಂಭಾಗ, ಆಟ್ರಿಯಂ, ಕಂಬಸಾಲಿನ ಅಂಗಳ ಇವು ಕರೆಯದಿದ್ದರೂ ಜನ ಹಕ್ಕಿನಿಂದ ಬರಬಹುದಾದ ಜಾಗಗಳು. ಮಲಗುವ ಕೋಣೆ, ಊಟದ ಕೋಣೆ, ಸ್ನಾನದ ಮನೆಗೆ ಕರೆದವರಷ್ಟೇ ಬರಬೇಕು. ಅದೇ ಉಸಿರಿನಲ್ಲಿ ಇನ್ನೊಂದು ಮಾತು: ಸಾಧಾರಣ ಸ್ಥಿತಿಯವರಿಗೆ ಭಾರಿ ಹಜಾರ ಬೇಕಿಲ್ಲ, ಏಕೆಂದರೆ ಅವರ ಮನೆಗೆ ಯಾರೂ ಬರುವುದಿಲ್ಲ, ಅವರೇ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಾದವರು. ಇಡೀ ರೋಮನ್ ಸಮಾಜದ ಏಣಿಯನ್ನೇ ಅವನು ಇಲ್ಲಿ ತೋರಿಸಿಬಿಟ್ಟಿದ್ದಾನೆ.

ಗ್ರೀಕರ ಮನೆ ಇದಕ್ಕೆ ಬೆನ್ನು ಹಾಕಿ ನಿಲ್ಲುತ್ತದೆ. ಅದನ್ನು ನೋಡಲು ಉತ್ತರ ಗ್ರೀಸಿನ ಖಾಲ್ಕಿಡಿಕೆಯಲ್ಲಿರುವ ಓಲಿಂಥಸ್‌ಗಿಂತ ಒಳ್ಳೆಯ ಜಾಗವಿಲ್ಲ. ಅಲೆಕ್ಸಾಂಡರನ ತಂದೆ ಎರಡನೇ ಫಿಲಿಪ್ ಕ್ರಿ.ಪೂ. 348ರಲ್ಲಿ ಆ ಊರನ್ನು ನೆಲಸಮ ಮಾಡಿದ. ಊರಿನ ಬಹುಭಾಗದಲ್ಲಿ ಮತ್ತೆ ಯಾರೂ ಮನೆ ಕಟ್ಟಿಕೊಳ್ಳಲಿಲ್ಲ, ಹಾಗಾಗಿ ಮನೆಗಳ ತಳಪಾಯ ಉಳಿಯಿತು. 1928ರಿಂದ 1938ರ ನಡುವೆ ಅಮೆರಿಕದ ಪುರಾತತ್ವಜ್ಞ ಡೇವಿಡ್ ರಾಬಿನ್ಸನ್ ತಂಡ ನೂರಕ್ಕೂ ಹೆಚ್ಚು ಮನೆಗಳನ್ನು ಅಗೆದು ತೆಗೆಯಿತು. ಚೌಕುಳಿಯ ಹಾಗೆ ಹಾಕಿದ ಬೀದಿಗಳು, ಪ್ರತಿ ಬೀದಿಚೌಕದಲ್ಲಿ ಒಂದೊಂದು ಸಾಲಿಗೆ ಐದರಂತೆ ಬೆನ್ನಿಗೆ ಬೆನ್ನು ಕೊಟ್ಟು ಹತ್ತು ಮನೆ, ಒಂದೊಂದೂ ಸುಮಾರು 17 ಮೀಟರ್ ಚೌಕ. ಹೆಚ್ಚಿನ ಮನೆಗಳಿಗೆ ಒಂದೇ ಹೆಬ್ಬಾಗಿಲು. ಅದನ್ನು ದಾಟಿದವರು ಅಂಗಳಕ್ಕೆ ಬರಬೇಕು, ಅಂಗಳದಿಂದಲೇ ಬೇರೆ ಕೋಣೆಗಳಿಗೆ ಹೋಗಬೇಕು. ಅಂದರೆ ಅಂಗಳದಲ್ಲಿ ಕೂತವರ ಕಣ್ಣು ತಪ್ಪಿಸಿ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ.

ಹಾಗಾದರೆ ಅತಿಥಿಗಳು? ಅವರಿಗೆಂದೇ ಒಂದು ಕೋಣೆ: ಆಂಡ್ರೋನ್, ಗಂಡಸರ ಕೂಟದ ಕೋಣೆ. ಎಲ್ಲ ಮನೆಗಳಲ್ಲೂ ಇಲ್ಲ, ಅನುಕೂಲಸ್ಥರ ಮನೆಯಲ್ಲಿದೆ. ಗೋಡೆಯುದ್ದಕ್ಕೂ ಮಂಚಗಳಿಗಾಗಿ ತುಸು ಎತ್ತರಿಸಿದ ಅಂಚು, ನಡುವೆ ಬೆಣಚುಕಲ್ಲಿನ ಚಿತ್ರದ ನೆಲ. ಇಲ್ಲಿ ಬಾಗಿಲನ್ನು ಗಮನಿಸಿ. ಅದು ಗೋಡೆಯ ನಡುಮಧ್ಯದಲ್ಲಿರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ, ಮಂಚಗಳು ಸಾಲಾಗಿ ಹಿಡಿಯಲಿ ಎಂದು. ತಳಪಾಯವಷ್ಟೇ ಉಳಿದಿದ್ದರೂ ಆ ಸರಿದ ಬಾಗಿಲಿನಿಂದಲೇ ಕೋಣೆಯ ಗುರುತು ಹಿಡಿಯಬಹುದು. ನನಗೆ ಓಲಿಂಥಸ್‌ನ ಅತ್ಯಂತ ಪ್ರಿಯವಾದ ವಿವರ ಇದು.

ಹೆಂಗಸರು ಎಲ್ಲಿದ್ದರು? ಗ್ರೀಕ್ ಬರಹಗಳನ್ನು ಓದಿದರೆ ಅವರನ್ನು ಒಳಕೋಣೆಯಲ್ಲಿ ಕೂಡಿಹಾಕಿದ್ದರು ಎನಿಸುತ್ತದೆ. ನೆಲ ಬೇರೆ ಕತೆ ಹೇಳುತ್ತದೆ. ಮಗ್ಗದ ನೂಲಿಗೆ ಕಟ್ಟುವ ಮಣ್ಣಿನ ತೂಕಗಳು ಅಂಗಳದ ಸುತ್ತಲಿನ ಬೇರೆ ಬೇರೆ ಕೋಣೆಗಳಲ್ಲಿ, ಪಡಸಾಲೆಯಲ್ಲಿ ಸಿಕ್ಕಿವೆ. ಬೆಳಕು ಎಲ್ಲಿದೆಯೋ ಅಲ್ಲಿ ಮಗ್ಗ ಹೂಡುತ್ತಿದ್ದರು. ಕೋರ್ಟಿನ ಭಾಷಣಗಳನ್ನು ಬರೆಯುತ್ತಿದ್ದ ಲಿಸಿಯಾಸ್ ಬರೆದುಕೊಟ್ಟ ಅಥೆನ್ಸಿನ ಕೊಲೆ ಮೊಕದ್ದಮೆಯ ಭಾಷಣವೊಂದಿದೆ. ಅದರಲ್ಲಿ ಆರೋಪಿ ಯೂಫಿಲೆಟಸ್ ತನ್ನ ಮನೆಯ ವಿಷಯ ಹೇಳುತ್ತಾನೆ: ಚಿಕ್ಕ ಮಹಡಿ ಮನೆ, ಮೇಲೆ ಹೆಂಗಸರು, ಕೆಳಗೆ ಗಂಡಸರು. ಮಗು ಹುಟ್ಟಿದ ಮೇಲೆ ಅದನ್ನು ತೊಳೆಯಲು ಪ್ರತಿಸಲ ಏಣಿ ಇಳಿಯುವುದು ತಾಯಿಗೆ ಅಪಾಯವೆಂದು ಅದಲುಬದಲು ಮಾಡಿಕೊಂಡರು. ತಾನು ಮೇಲೆ, ಅವರು ಕೆಳಗೆ. "ಹೆಂಗಸರ ಭಾಗ" ಎಂದರೆ ಕಲ್ಲಿನಲ್ಲಿ ಕೊರೆದ ಗೆರೆಯಲ್ಲ, ಒಂದು ಹಸುಗೂಸಿನ ಸಲುವಾಗಿ ಮಹಡಿ ಇಳಿಯಬಲ್ಲದ್ದು ಎಂದು ತಿಳಿಯಲು ಈ ಒಂದು ಸಂಗತಿ ಸಾಕು.

ಓಲಿಂಥಸ್ ಯಾರಿಗೆ? ನಕ್ಷೆ ಓದಲು ಇಷ್ಟಪಡುವವರಿಗೆ, ಥೆಸಲೋನಿಕಿಯ ಕಡೆ ಹೇಗೂ ಹೋಗುವವರಿಗೆ. ಗೋಡೆ ಮೊಣಕಾಲೆತ್ತರ ಇದ್ದರೆ ಹೆಚ್ಚು, ನೆರಳು ಕಡಿಮೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದರೆ ಹತ್ತು ನಿಮಿಷಕ್ಕೆ ಬೇಸರಪಡುತ್ತಾರೆ.

ಪಾಂಪೇಯೋ, ಹರ್ಕ್ಯುಲೇನಿಯಮ್ಮೋ

ಹೆಚ್ಚಿನವರ ನಿಜವಾದ ಗೊಂದಲ ಇದು. ಎರಡೂ ನೇಪಲ್ಸ್ ಬಳಿ, ಒಂದೇ ರೈಲು ಮಾರ್ಗದಲ್ಲಿವೆ. ಎರಡೂ ಕ್ರಿ.ಶ. 79ರ ವೆಸೂವಿಯಸ್ ಜ್ವಾಲಾಮುಖಿಯ ಸ್ಫೋಟದಲ್ಲಿ ಮುಚ್ಚಿಹೋದವು. ಆದರೆ ಮುಚ್ಚಿಹೋದ ರೀತಿ ಬೇರೆ, ಉಳಿದದ್ದೂ ಬೇರೆ.

ಪಾಂಪೇಯ ಮೇಲೆ ಮೊದಲು ಹಗುರ ಕಲ್ಲಿನ ಮಳೆ ಗಂಟೆಗಟ್ಟಲೆ ಸುರಿಯಿತು. ಸೂರುಗಳು ಭಾರಕ್ಕೆ ಕುಸಿದವು, ಮಹಡಿಗಳು ಬಹುತೇಕ ಹೋದವು, ಮರವೆಲ್ಲ ಕೊಳೆಯಿತು. ಹರ್ಕ್ಯುಲೇನಿಯಂ ಕುದಿಬಿಸಿಯ ಬೂದಿ, ಅನಿಲದ ಪ್ರವಾಹಗಳ ಕೆಳಗೆ ಸುಮಾರು 20 ಮೀಟರ್ ಆಳಕ್ಕೆ ಹುದುಗಿತು. ಅಲ್ಲಿ ಮರ ಇದ್ದಿಲಾಯಿತು, ಆದರೆ ಆಕಾರ ಕಳೆದುಕೊಳ್ಳಲಿಲ್ಲ. ತೊಲೆ, ಬಾಗಿಲು, ಮಂಚ, ತೊಟ್ಟಿಲು ಕೂಡ ಉಳಿದವು.

ಪಾಂಪೇಯ ಹೆಚ್ಚುಗಾರಿಕೆ ಅದರ ವಿಸ್ತಾರ. ಕೋಟೆಯೊಳಗೆ ಸುಮಾರು 66 ಹೆಕ್ಟೇರ್, ಅದರಲ್ಲಿ ಮೂರನೇ ಒಂದು ಭಾಗ ಇನ್ನೂ ಅಗೆದಿಲ್ಲ. ಬಡವರ ಒಂದೇ ಕೋಣೆಯ ಮಳಿಗೆಯಿಂದ ಹಿಡಿದು ಇಡೀ ಬೀದಿಚೌಕವನ್ನೇ ನುಂಗಿದ, ಸುಮಾರು 3000 ಚದರ ಮೀಟರಿನ 'ಫಾನ್ ಮನೆ' ಎಂಬ ಮನೆಯವರೆಗೆ ಎಲ್ಲ ಅಳತೆಯ ಮನೆಗಳನ್ನೂ ಒಂದೇ ನಡಿಗೆಯಲ್ಲಿ ಹೋಲಿಸಬಹುದು. ಇಂಥ ಹೋಲಿಕೆ ಇನ್ನೆಲ್ಲೂ ಸಾಧ್ಯವಿಲ್ಲ. ಫಾನ್ ಮನೆಯ ಬಾಗಿಲ ಮುಂದಿನ ಕಾಲುದಾರಿಯಲ್ಲಿ ಬಂದವರಿಗೆ ಸ್ವಾಗತ ಕೋರುವ ಪದವನ್ನು ಕಲ್ಲಿನಲ್ಲಿ ಕೂರಿಸಿದ್ದಾರೆ. ಹತ್ತಿರದಲ್ಲೇ ಇರುವ, ಅದಕ್ಕಿಂತ ಎಷ್ಟೋ ಚಿಕ್ಕದಾದ 'ದುರಂತ ಕವಿಯ ಮನೆ'ಯ ಬಾಗಿಲಲ್ಲಿ ಸರಪಳಿ ಕಟ್ಟಿದ ನಾಯಿಯ ಚಿತ್ರ, "ನಾಯಿ ಇದೆ ಎಚ್ಚರಿಕೆ" ಎಂಬ ಬರಹ.

ಒಂದೇ ಮನೆಗೆ ಸಮಯವಿದ್ದರೆ ವೆಟ್ಟಿಯವರ ಮನೆಗೆ ಹೋಗಿ. ದೀರ್ಘ ಜೀರ್ಣೋದ್ಧಾರದ ಬಳಿಕ 2023ರ ಜನವರಿಯಲ್ಲಿ ಮತ್ತೆ ತೆರೆದಿದ್ದಾರೆ. ಇದರ ಯಜಮಾನರೆಂದು ಗುರುತಿಸಲಾಗಿರುವ ವೆಟ್ಟಿಯಸ್ ರೆಸ್ಟಿಟ್ಯೂಟಸ್, ವೆಟ್ಟಿಯಸ್ ಕಾನ್ವಿವಾ ಗುಲಾಮಗಿರಿಯಿಂದ ಬಿಡುಗಡೆ ಪಡೆದು ಹಣ ಮಾಡಿದವರು. ಹಜಾರದಲ್ಲಿ ಎಲ್ಲರಿಗೂ ಕಾಣುವಂತೆ ಎರಡು ಹಣದ ಪೆಟ್ಟಿಗೆ. ಹಳೇ ಮನೆತನದವರ ಟಬ್ಲಿನಂ ಇಲ್ಲಿ ಇಲ್ಲವೇ ಇಲ್ಲ. ಹಜಾರದಿಂದ ನೇರ ತೋಟಕ್ಕೇ ಕಣ್ಣು ಹೋಗುತ್ತದೆ. ದೊಡ್ಡ ಊಟದ ಕೋಣೆಯ ಗೋಡೆಯಲ್ಲಿ ಪುಟ್ಟ ರೆಕ್ಕೆಯ ಮನ್ಮಥರು ಅತ್ತರು ಮಾಡುತ್ತಾರೆ, ಚಿನ್ನದ ಕೆಲಸ ಮಾಡುತ್ತಾರೆ, ವೈನ್ ಮಾರುತ್ತಾರೆ.

ಎಲ್ಲರೂ ಅಲ್ಲಿ ನಿಂತು ಫೋಟೊ ತೆಗೆದು ಹೊರಟುಬಿಡುತ್ತಾರೆ. ದಯವಿಟ್ಟು ಪಕ್ಕದ ಚಿಕ್ಕ ಅಂಗಳಕ್ಕೆ ತಿರುಗಿ. ಅಲ್ಲಿ ಮನೆದೇವರ ಗೂಡು, ಕೆಳಗೆ ಹರಿಯುವ ಸರ್ಪದ ಚಿತ್ರ, ಅದರ ಪಕ್ಕ ಅಡುಗೆಮನೆ. ಅಗೆದಾಗ ಕಂಚಿನ ಪಾತ್ರೆಗಳು ಒಲೆಯ ಮೇಲೇ ಇದ್ದವು. ತಾವೇ ಗುಲಾಮರಾಗಿದ್ದವರು ಕಟ್ಟಿಸಿಕೊಂಡ ಮನೆಯಲ್ಲಿ ಗುಲಾಮರ ಜಾಗ ಇದು: ಹೊಗೆ ಹಿಡಿದ, ಅತಿಥಿಯ ಕಣ್ಣಿಗೆ ಬೀಳದ ಮೂಲೆ. ಬಾಗಿಲ ಓಣಿಯ ಗೋಡೆಯಲ್ಲಿ ಯಾರೋ ಗೀಚಿದ ಸಾಲೊಂದು ಸಿಕ್ಕಿದೆ: ಯೂಟಿಕಿಸ್ ಎಂಬ ಗ್ರೀಕ್ ಹೆಣ್ಣು, ಬೆಲೆ 2 ಆಸ್. ಆ ಕಾಲಕ್ಕೆ ಅದು ಬರೀ ಚಿಲ್ಲರೆ ಕಾಸು.

ಊಟದ ಶಿಷ್ಟಾಚಾರ ತಿಳಿಯಬೇಕೆಂದರೆ ಪಾಂಪೇಯಲ್ಲೇ 'ನೀತಿವಂತನ ಮನೆ' ಎಂಬುದಿದೆ. ಬೇಸಿಗೆಯ ಊಟದ ಕೋಣೆಯ ಗೋಡೆಯ ಮೇಲೆ ಅತಿಥಿಗಳಿಗೆ ಬರೆಸಿಟ್ಟ ನಿಯಮಗಳು. ಕಾಲು ತೊಳೆಸಿಕೊಳ್ಳಿ, ಆಳು ಹುಡುಗ ಒರೆಸುತ್ತಾನೆ, ನಮ್ಮ ಹಾಸುಬಟ್ಟೆ ಕೊಳೆ ಮಾಡಬೇಡಿ. ಪರರ ಹೆಂಡತಿಯ ಮೇಲೆ ಕಣ್ಣು ಹಾಕಬೇಡಿ. ಜಗಳ ಬಿಡಿ, ಬಿಡಲಾಗದಿದ್ದರೆ ಮನೆಗೆ ಹೊರಡಿ. ಇದರಲ್ಲಿ ಎರಡು ಸಂಗತಿಗಳಿವೆ. ರೋಮನ್ ಊಟಕ್ಕೆ ಹೆಂಡತಿಯರೂ ಬಂದು ಕೂರುತ್ತಿದ್ದರು, ಗ್ರೀಕರ ಆಂಡ್ರೋನ್‌ನಲ್ಲಿ ಗೃಹಿಣಿಯರಿಗೆ ಜಾಗವಿರಲಿಲ್ಲ. ಮತ್ತೆ, ಆ ಕಾಲು ಒರೆಸುವ ಹುಡುಗನಿಗೆ ಹೆಸರಿಲ್ಲ.

ಇನ್ನು ಹರ್ಕ್ಯುಲೇನಿಯಂ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಅರ್ಧ ದಿನ ಇರುವವರು ಪಾಂಪೇ ಬಿಟ್ಟು ಇಲ್ಲಿಗೆ ಬರಬೇಕು. ಅಗೆದಿರುವುದು ನಾಲ್ಕೈದು ಹೆಕ್ಟೇರಷ್ಟೇ; ಅವಸರವಿಲ್ಲದೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಸಲ ನಾನು ಪ್ರವಾಸಿ ತಂಡವೊಂದರ ಜೊತೆ ಪಾಂಪೇಗೆ ಹೋಗಿದ್ದೆ. ಎರಡು ಗಂಟೆ ಕೊಟ್ಟಿದ್ದರು, ಅದರಲ್ಲಿ ಅರ್ಧ ಗಂಟೆ ಸಾಲಿನಲ್ಲೇ ಹೋಯಿತು, ನೋಡಲೇಬೇಕೆಂದುಕೊಂಡ ಮನೆಗೆ ಅಂದು ಬೀಗ. ಆ ಬೇಸರ ಕಳೆದದ್ದು ಮತ್ತೊಂದು ಸಲ ಹರ್ಕ್ಯುಲೇನಿಯಂನಲ್ಲಿ, ಒಂದು ಮರದ ತಡಿಕೆಯ ಮುಂದೆ ನಿಂತಾಗ.

'ಮರದ ತಡಿಕೆಯ ಮನೆ' ಎಂದೇ ಅದಕ್ಕೆ ಹೆಸರು. ಹಜಾರಕ್ಕೂ ಟಬ್ಲಿನಂಗೂ ನಡುವೆ ಮಡಚುವ ಮರದ ಕದಗಳು, ಇದ್ದಿಲಾಗಿ ಕಪ್ಪಗೆ ನಿಂತಿವೆ; ನಡುವಿನ ಭಾಗ ಹೋಗಿದೆ, ಎರಡು ಪಕ್ಕದವು ಉಳಿದಿವೆ, ದೀಪ ತೂಗುಹಾಕುವ ಕಂಚಿನ ಆಸರೆಗಳೂ ಇವೆ. ಪಾಂಪೇಯಲ್ಲಿ ಬಾಗಿಲಿನಿಂದ ತೋಟದವರೆಗೆ ತೆರೆದಂತೆ ಕಾಣುತ್ತದಲ್ಲ, ಆ ನೋಟವನ್ನು ಇದು ತಿದ್ದುತ್ತದೆ. ಅಲ್ಲೂ ಕದಗಳು, ಪರದೆಗಳು ಇದ್ದವು, ಕೊಳೆತು ಹೋದವು. ಬೆಳಗ್ಗೆ ತೆರೆ, ಮಧ್ಯಾಹ್ನ ಮುಚ್ಚು. ಮನೆಯ ಸಾರ್ವಜನಿಕ ಭಾಗ, ಒಳಭಾಗ ಎನ್ನುವುದು ಗಳಿಗೆ ಗಳಿಗೆಗೆ ಬದಲಾಗುತ್ತಿತ್ತು.

ಅದರ ಪಕ್ಕದಲ್ಲೇ ಗ್ರಾಟಿಚ್ಚೋ ಮನೆ: ಮರದ ಚೌಕಟ್ಟಿಗೆ ಕಲ್ಲು, ಸುಣ್ಣದ ಗಾರೆ ತುಂಬಿ ಎಬ್ಬಿಸಿದ ಅಗ್ಗದ ಗೋಡೆ. ಬೀದಿಯ ಮೇಲೆ ಚಾಚಿದ ಮಹಡಿ, ಅದಕ್ಕೆ ಬೇರೆಯೇ ಮೆಟ್ಟಿಲು. ಒಂದೇ ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರ. ದೊಡ್ಡವರ ಹಜಾರಗಳನ್ನೇ ನೋಡಿ ದಣಿದ ಕಣ್ಣಿಗೆ ಈ ಇಕ್ಕಟ್ಟಿನ ಮಹಡಿ ನಿಜವಾದ ಊರನ್ನು ತೋರಿಸುತ್ತದೆ. ಐದನೇ ಕಾರ್ಡೋ ಎಂಬ ಬೀದಿಯ ಬಾಡಿಗೆ ಮನೆಗಳ ಕೆಳಗಿನ ಚರಂಡಿಯನ್ನು ಅಗೆದಾಗ ನೂರಾರು ಚೀಲ ಕೊಳಕು ಸಿಕ್ಕಿತು. ಜರಡಿ ಹಿಡಿದರೆ ಅಂಜೂರದ ಬೀಜ, ಮೊಟ್ಟೆಯ ಚಿಪ್ಪು, ಬಗೆಬಗೆಯ ಮೀನಿನ ಮುಳ್ಳು, ಕಡಲ ಮುಳ್ಳುಚೆಂಡಿನ ಚೂರು. ಮಹಡಿಯ ಸಾಧಾರಣ ಜನ ನಾವೆಣಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಉಣ್ಣುತ್ತಿದ್ದರು.

ಇಲ್ಲೇ ಸಿಕ್ಕ ಮರದ ಹಲಗೆಯ ದಾಖಲೆಗಳಲ್ಲಿ ಯುಸ್ಟಾ ಎಂಬ ಹುಡುಗಿಯ ಮೊಕದ್ದಮೆ ಇದೆ. ಅವಳ ತಾಯಿ ವಿಟಾಲಿಸ್ ಮೊದಲು ಗುಲಾಮಳು, ಆಮೇಲೆ ಬಿಡುಗಡೆಯಾದವಳು. ಯುಸ್ಟಾ ಹುಟ್ಟಿದ್ದು ಬಿಡುಗಡೆಗೆ ಮುಂಚೆಯೋ, ಆಮೇಲೋ? ಮುಂಚೆಯಾದರೆ ಸ್ವತಂತ್ರವಾಗಿ ಹುಟ್ಟಿದವಳಲ್ಲ, ಹಿಂದಿನ ಒಡತಿ ಕಾಲಟೋರಿಯಾಗೆ ಋಣಿ. ಸಾಕ್ಷಿಗಳು ಎರಡೂ ಕಡೆಗೆ ಹೇಳಿದ್ದಾರೆ. ತೀರ್ಪು ಸಿಕ್ಕಿಲ್ಲ. ಒಂದೇ ಸೂರಿನಡಿ ಮಗಳ ಹಾಗೆ ಬೆಳೆದವಳಿಗೂ ಆ ಮನೆಯಲ್ಲಿ ತನ್ನ ಜಾಗ ಯಾವುದೆಂದು ಕೋರ್ಟಿನಲ್ಲಿ ಕೇಳಬೇಕಾಯಿತು.

ವಠಾರ ಬೇಕಾದವರಿಗೆ ಓಸ್ಟಿಯಾ

ರೋಮಿನ ಜನರಲ್ಲಿ ಬಹುಪಾಲು ಹಜಾರವಿದ್ದ ಮನೆಯಲ್ಲಿ ಇರಲೇ ಇಲ್ಲ. ಅವರದು ಇನ್ಸುಲಾ ಎಂಬ ಬಹುಮಹಡಿ ಬಾಡಿಗೆ ಕಟ್ಟಡ. ಬೆಂಗಳೂರು, ಮೈಸೂರಿನ ವಠಾರದಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಿಲ್ಲ: ನಡುವೆ ಅಂಗಳ, ಎಲ್ಲರಿಗೂ ಒಂದೇ ನೀರು, ಎಲ್ಲರಿಗೂ ಎಲ್ಲರ ಸುದ್ದಿ. ವಠಾರಕ್ಕೂ ಇದಕ್ಕೂ ವ್ಯತ್ಯಾಸ ಎತ್ತರದಲ್ಲಿದೆ. ಕಟ್ಟಡಗಳು ಕುಸಿಯುತ್ತಿದ್ದುದರಿಂದ ಚಕ್ರವರ್ತಿ ಆಗಸ್ಟಸ್ 70 ಅಡಿಗಿಂತ ಮೇಲೆ ಕಟ್ಟಬಾರದೆಂದ, ಆಮೇಲಿನ ಚಕ್ರವರ್ತಿ ಟ್ರಾಜನ್ ಅದನ್ನು 60 ಅಡಿಗೆ ಇಳಿಸಿದ. ಮೇಲೆ ಹೋದಷ್ಟೂ ಬಡವರು. ನೀರು ಹೊತ್ತು ಹತ್ತಬೇಕು, ಬೆಂಕಿ ಬಿದ್ದರೆ ಕೊನೆಗೆ ಗೊತ್ತಾಗುವುದು ಅವರಿಗೆ.

ರೋಮಿನ ಬಂದರಾಗಿದ್ದ ಓಸ್ಟಿಯಾದಲ್ಲಿ ಕ್ರಿ.ಶ. 2ನೇ ಶತಮಾನದ ಇಟ್ಟಿಗೆಯ ಇಂಥ ಕಟ್ಟಡಗಳು ಎರಡನೆಯ ಅಂತಸ್ತಿನವರೆಗೂ ಉಳಿದಿವೆ. ಡಯಾನಾ ಕಟ್ಟಡ ನೋಡಿ: ಬೀದಿಗೆ ಮಳಿಗೆಗಳು, ಮಳಿಗೆಯೊಳಗೆ ಮಾಲೀಕನ ಸಂಸಾರ ಮಲಗಲು ಅಟ್ಟ, ಮಗ್ಗುಲಲ್ಲಿ ಮೇಲಿನ ಮನೆಗಳಿಗೆ ಮೆಟ್ಟಿಲು, ಒಳ ಅಂಗಳದಲ್ಲಿ ನೀರಿನ ತೊಟ್ಟಿ. ಅನೇಕ ಮನೆಗಳಲ್ಲಿ ಅಡುಗೆಮನೆಯೇ ಇಲ್ಲ; ಅದೇ ಬೀದಿಯಲ್ಲಿ ಕಲ್ಲಿನ ಕಟ್ಟೆಯಿರುವ ಊಟದಂಗಡಿ ಇದೆ, ಯಾಕೆ ಇದೆ ಎಂದು ಕೇಳಬೇಕಿಲ್ಲ. ತೋಟದ ಮನೆಗಳೆಂದು ಕರೆಯುವ, ಚಕ್ರವರ್ತಿ ಹೇಡ್ರಿಯನ್ ಕಾಲದ ಸಾಲು ಕಟ್ಟಡಗಳು ಅನುಕೂಲಸ್ಥ ಬಾಡಿಗೆದಾರರವು. ಅಲ್ಲಿ ಮನೆಯ ಬೆಳಕು ಒಳಗಿನ ಅಂಗಳದಿಂದಲ್ಲ, ಹೊರಗಿನ ಕಿಟಕಿಯಿಂದ ಬರುತ್ತದೆ. ಇವತ್ತಿನ ನಮ್ಮ ಫ್ಲ್ಯಾಟಿನ ಅಜ್ಜ ಇದೇ.

ರೋಮಿನಲ್ಲಿ ಎರಡು ದಿನ ಉಳಿಯುವವರು ನೇಪಲ್ಸ್ ತನಕ ಓಡದೆ ಇಲ್ಲಿಗೆ ಬರಬಹುದು. ಪೋರ್ಟಾ ಸಾನ್ ಪಾವೊಲೊ ನಿಲ್ದಾಣದಿಂದ ಲೋಕಲ್ ರೈಲಿದೆ. ಮರಗಳ ನೆರಳಿದೆ, ಜನಜಂಗುಳಿ ಕಡಿಮೆ. ಬಣ್ಣದ ಗೋಡೆಗಳನ್ನು ನಿರೀಕ್ಷಿಸುವವರಿಗೆ ಮಾತ್ರ ನಿರಾಸೆಯಾದೀತು.

ಡೆಲೋಸ್, ಎಫೆಸಸ್

ಈ ಎರಡರ ನಡುವೆ ಆರಿಸುವುದು ಸುಲಭ, ದಾರಿಯೇ ಬೇರೆ ಬೇರೆ. ಗ್ರೀಸಿನ ಮೈಕೊನೊಸ್ ದ್ವೀಪಕ್ಕೆ ಹೋಗುವವರಿಗೆ ಹತ್ತಿರದ ಡೆಲೋಸ್. ದೋಣಿಯಲ್ಲಿ ಹೋಗಿ ಅದೇ ದಿನ ವಾಪಸಾಗಬೇಕು, ಗಾಳಿ ಜೋರಾದರೆ ದೋಣಿ ಹೊರಡುವುದಿಲ್ಲ. ಕ್ರಿ.ಪೂ. 2ನೇ ಶತಮಾನದಲ್ಲಿ ಸುಂಕವಿಲ್ಲದ ಬಂದರಾಗಿ ಬೆಳೆದ ದ್ವೀಪ ಇದು, ಇಟಲಿಯವರೂ ಫಿನೀಷಿಯದವರೂ ಅಕ್ಕಪಕ್ಕ ಮನೆ ಮಾಡಿದ್ದರು. ಡಾಲ್ಫಿನ್ ಮನೆಯ ಹೊಸ್ತಿಲ ಒಳಗೆ ಫಿನೀಷಿಯನ್ನರ ತಾನಿತ್ ದೇವಿಯ ಚಿಹ್ನೆಯನ್ನು ನೆಲದಲ್ಲೇ ಬಿಡಿಸಿದ್ದಾರೆ, ನಮ್ಮ ಬಾಗಿಲ ರಂಗೋಲಿಯ ಜಾಗದಲ್ಲಿ. ಇನ್ನೊಂದು ಮನೆಯಲ್ಲಿ ಕ್ಲಿಯೋಪಾತ್ರಾ ಎಂಬ ಅಥೆನ್ಸಿನ ಗೃಹಿಣಿ ಕ್ರಿ.ಪೂ. 138-137ರಲ್ಲಿ ಗಂಡ ಡಯಾಸ್ಕೋರಿಡೀಸನ ಪ್ರತಿಮೆ ನಿಲ್ಲಿಸಿದಳು, ಪಕ್ಕದಲ್ಲೇ ತನ್ನದನ್ನೂ ನಿಲ್ಲಿಸಿಕೊಂಡಳು, ಪೀಠದ ಮೇಲೆ ನಿಲ್ಲಿಸಿದ್ದು ತಾನೇ ಎಂದೂ ಬರೆಸಿದಳು. ಇಬ್ಬರ ತಲೆಯೂ ಈಗಿಲ್ಲ. ಮುಚ್ಚಿದ ಗ್ರೀಕ್ ಮನೆ ಎಂದು ಮೇಲೆ ಹೇಳಿದೆನಲ್ಲ, ಆ ಮಾತಿಗೆ ಈ ಹೆಂಗಸು ಒಳ್ಳೆಯ ಎದುರುತ್ತರ.

ಟರ್ಕಿಗೆ ಹೋಗುವವರು ಎಫೆಸಸ್‌ನಲ್ಲಿ ಮೆಟ್ಟಿಲು ಮನೆಗಳ ಪ್ರತ್ಯೇಕ ಟಿಕೆಟಿಗೆ ಹಿಂದೆಮುಂದೆ ನೋಡಬೇಡಿ. ಗುಡ್ಡದ ಇಳಿಜಾರಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಶ್ರೀಮಂತರ ಮನೆಗಳು, ಕ್ರಿ.ಶ. 3ನೇ ಶತಮಾನದ ಭೂಕಂಪದಲ್ಲಿ ಕುಸಿದವು. ಈಗ ಇಡೀ ಚೌಕಕ್ಕೆ ಸೂರು ಹಾಕಿದ್ದಾರೆ, ಮೇಲಿಂದ ನಡೆದಾಡಿ ನೋಡಬಹುದು. ಗೋಡೆಗಳಲ್ಲಿ ಸಾಮಾನಿನ ಬೆಲೆ ಪಟ್ಟಿ ಗೀಚಿದ್ದಾರೆ. ಮಳೆ, ಬಿಸಿಲು ಎರಡಕ್ಕೂ ಅಂಜಬೇಕಿಲ್ಲ, ವಯಸ್ಸಾದವರಿಗೆ ಮಾತ್ರ ಮೆಟ್ಟಿಲು ಬಹಳ.

ಹೊರಡುವ ಮುನ್ನ

ಪಾಂಪೇಯಲ್ಲಿ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ, ಟಿಕೆಟ್ ಹೆಸರಿನ ಮೇಲೆ. ಮನೆಗಳನ್ನು ಸರದಿಯಂತೆ ತೆರೆಯುತ್ತಾರೆ. ಅಂದು ಯಾವುದು ತೆರೆದಿದೆ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಫಾನ್ ಮನೆಯ ಅಲೆಕ್ಸಾಂಡರ್ ಚಿತ್ರನೆಲ ಸೇರಿದಂತೆ ಅಮೂಲ್ಯವಾದವುಗಳಲ್ಲಿ ಬಹಳಷ್ಟು ನೇಪಲ್ಸಿನ ಪುರಾತತ್ವ ಸಂಗ್ರಹಾಲಯದಲ್ಲಿವೆ. ಮೊದಲು ಮನೆ, ಆಮೇಲೆ ಸಂಗ್ರಹಾಲಯ; ಈ ಕ್ರಮವೇ ಸರಿ, ಯಾವ ವಸ್ತು ಎಲ್ಲಿತ್ತು ಎಂದು ಕಣ್ಣಿಗೆ ಕಟ್ಟುತ್ತದೆ. ಅಲ್ಲೇ ಭಾರತದಿಂದ ಹೋದ ಒಂದು ಗೇಣಿನಷ್ಟು ಎತ್ತರದ ದಂತದ ಬೊಂಬೆಯೂ ಇದೆ, 1938ರಲ್ಲಿ ಪಾಂಪೇಯ ಮನೆಯೊಂದರಲ್ಲಿ ಸಿಕ್ಕಿದ್ದು. ಲಕ್ಷ್ಮಿ ಎನ್ನುತ್ತಾರೆ, ಯಕ್ಷಿ ಎನ್ನುವವರೂ ಇದ್ದಾರೆ. ತಲೆಯ ಮೇಲೆ ತೂತಿದೆ. ಯಾವುದೋ ಪೀಠೋಪಕರಣದ ಭಾಗವಾಗಿದ್ದಿರಬೇಕು.

ಹೋಗಲಾಗದವರು ವೆಟ್ಟಿ ಮನೆಯ ನಕ್ಷೆಯನ್ನೂ ಓಲಿಂಥಸ್‌ನ ಯಾವುದಾದರೂ ಮನೆಯ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಮೂರನೆಯದಾಗಿ ನಿಮ್ಮ ಊರಿನ ಹಳೇ ಮನೆಯ ನಕ್ಷೆಯನ್ನು ನೀವೇ ಬರೆಯಿರಿ. ಬೀದಿಯಿಂದ ಒಲೆಯವರೆಗೆ ಬೆರಳು ಇಟ್ಟುಕೊಂಡು ಹೋಗಿ, ಎಷ್ಟು ಹೊಸ್ತಿಲು ಅಡ್ಡ ಬರುತ್ತವೆ, ಒಂದೊಂದರಲ್ಲಿ ಯಾರು ನಿಂತುಬಿಡುತ್ತಿದ್ದರು ಎಂದು ಗುರುತು ಹಾಕಿ. ನಮ್ಮಜ್ಜಿಯ ಮನೆಯಲ್ಲಿ ನಾಲ್ಕು ಹೊಸ್ತಿಲು ಇದ್ದವು.